'ಗೊತ್ತಿತ್ತಾ?' 'ಹೌದು': ಸೈಕಲ್ಲಲ್ಲಿ ಕೆಲಸಕ್ಕೆ ಹೋಗುವವರಿಗೆ

ಸೋಮವಾರ ಬೆಳಿಗ್ಗೆ ಹಿಂದಿನ ಚಕ್ರದಿಂದ ಟಿಕ್ ಅಂತ ಸದ್ದು ಬಂತು. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಟಿಕ್. ಸಂಜೆ ನೋಡಿದರಾಯಿತು ಅಂದುಕೊಂಡೆ. ಸಂಜೆ ಸುಸ್ತಾಗಿತ್ತು. ಮಂಗಳವಾರವೂ ಟಿಕ್. ಬುಧವಾರದ ಹೊತ್ತಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತು ಅಂದರೆ, ಅದರ ತಾಳಕ್ಕೇ ಪೆಡಲ್ ತುಳಿಯುತ್ತಿದ್ದೆ. ಗುರುವಾರ ಬೆಳಿಗ್ಗೆ 8.40ಕ್ಕೆ, ಏರಿನ ನಟ್ಟನಡುವೆ, ಟಣ್ ಅಂತ ಚಕ್ರದ ಒಂದು ಕಡ್ಡಿ (ಸ್ಪೋಕ್) ಮುರಿಯಿತು. ಚಕ್ರ ಸೊಟ್ಟಗಾಗಿ ಬ್ರೇಕಿಗೆ ಉಜ್ಜತೊಡಗಿತು. 9 ಗಂಟೆಗೆ ಮೀಟಿಂಗ್ ಇತ್ತು.

ನಾನು ಲೆಕ್ಕಪತ್ರ ನೋಡುವ ಕೆಲಸದವನು. ಹಾಗಾಗಿ ಸೈಕಲ್ಲಿಗೂ ಒಂದು ಪುಸ್ತಕ ಇಟ್ಟಿದ್ದೇನೆ. ಮನೆಯಿಂದ ಆಫೀಸಿಗೆ 9 ಕಿಲೋಮೀಟರ್, ವಾಪಸ್ 9. ಎಂಟು ವರ್ಷದಿಂದ ಇದೇ ಓಡಾಟ. ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಆ ಪುಸ್ತಕದಲ್ಲಿ ಬರೆಯುತ್ತೇನೆ. ನಾಲ್ಕು ಕಾಲಂ ಇವೆ. ತಾರೀಖು, ಏನಾಯಿತು, ಎಷ್ಟು ಹೊತ್ತು ಹಾಳಾಯಿತು, ಕೊನೆಯದು 'ಗೊತ್ತಿತ್ತಾ?'. ಹೀಗಾಗುತ್ತದೆ ಅನ್ನೋ ಸುಳಿವು ನನಗೆ ಮೊದಲೇ ಸಿಕ್ಕಿತ್ತಾ ಅಂತ. ಆ ಕಾಲಂ ತುಂಬಾ ಬರೀ 'ಹೌದು'ಗಳು. ಸೈಕಲ್ ಪಾಪ ಮೊದಲೇ ಹೇಳಿರುತ್ತದೆ. ಕೇಳಿಸಿಕೊಂಡು ಸುಮ್ನೆ ಇದ್ದವನು ನಾನು.

ಈಗ ಆ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಹೊಸದಾಗಿ ಸೈಕಲ್ಲಲ್ಲಿ ಕೆಲಸಕ್ಕೆ ಹೊರಟವರಿಗೆ ಇದರಲ್ಲಿ ಒಂದೆರಡು 'ಹೌದು'ಗಳಾದರೂ ಉಳಿತಾಯವಾಗಲಿ.

ಮೊದಲು ಆ ಕಡ್ಡಿಯ ಕಥೆ ಮುಗಿಸುತ್ತೇನೆ. ಒಂದು ಕಡ್ಡಿ ಮುರಿದ ಮಾತ್ರಕ್ಕೆ ಸೈಕಲ್ ತಳ್ಳಿಕೊಂಡು ಹೋಗಬೇಕಾಗಿಲ್ಲ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಇಲ್ಲವೇ ಟೇಪಿನಿಂದ ಕಟ್ಟಿ. ಫ್ರೇಮಿಗೋ ಗೇರಿಗೋ ಸಿಕ್ಕಿಹಾಕಿಕೊಳ್ಳದಿದ್ದರೆ ಸಾಕು. ಆಗ ನನ್ನ ಸೈಕಲ್ಲಿಗೆ ಇದ್ದದ್ದು ರಿಮ್ ಬ್ರೇಕ್, ಅಂದರೆ ಚಕ್ರದ ಹೊರಬಳೆಯನ್ನೇ (ರಿಮ್ಮನ್ನೇ) ಒತ್ತಿ ಹಿಡಿಯುವಂಥದ್ದು. ಹಿಂದಿನ ಬ್ರೇಕನ್ನು ಸಡಿಲ ಮಾಡಿ, ಚಕ್ರ ಉಜ್ಜದೆ ತಿರುಗುವ ಹಾಗೆ ಮಾಡಿಕೊಂಡೆ. ಆಮೇಲೆ ಹಳ್ಳ ತಪ್ಪಿಸುತ್ತಾ, ಮುಂದಿನ ಬ್ರೇಕನ್ನೇ ನಂಬಿಕೊಂಡು, ನಿಧಾನಕ್ಕೆ ಹೋದೆ. ಆದರೆ ಹಾಗೇ ವಾರಗಟ್ಟಲೆ ಓಡಿಸಬೇಡಿ. ಮುರಿದದ್ದರ ಭಾರವನ್ನು ಅಕ್ಕಪಕ್ಕದವು ಹೊರುತ್ತವೆ. ಆಮೇಲೆ ಅವೂ ಕೈಕೊಡುತ್ತವೆ.

ಸಾಮಾನ್ಯವಾಗಿ ಮುರಿಯುವುದು ಹಿಂದಿನ ಚಕ್ರದ ಬಲಗಡೆಯವು, ಅಂದರೆ ಗೇರಿನ ಪಕ್ಕದವು. ಅವು ಎಡಗಡೆಯವಕ್ಕಿಂತ ಜಾಸ್ತಿ ಬಿಗಿಯಾಗಿರುತ್ತವೆ. ಸದ್ದು ಬಂದ ದಿನವೇ ಎರಡೆರಡು ಕಡ್ಡಿಗಳನ್ನು ಜೋಡಿಯಾಗಿ ಹಿಡಿದು ಹಿಸುಕುತ್ತಾ ಚಕ್ರದ ಸುತ್ತ ಬಂದರೆ, ಸಡಿಲವಾದದ್ದು ಯಾವುದು ಅಂತ ಕೈಗೇ ಗೊತ್ತಾಗುತ್ತದೆ. ಸ್ಪೋಕ್ ಕೀಯಲ್ಲಿ ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಎರಡು ನಿಮಿಷದ ಕೆಲಸ. ನನ್ನ ಪುಸ್ತಕದಲ್ಲಿ ಆ ಗುರುವಾರದ ಮುಂದೆ ಬರೆದಿರುವುದು 50 ನಿಮಿಷ.

ರಾತ್ರಿಯ ಮೂರು ನಿಮಿಷ

ಸೈಕಲ್ಲನ್ನು ಬೆಳಿಗ್ಗೆ ಹೊರಡುವಾಗ ನೋಡಬೇಡಿ. ಬೆಳಿಗ್ಗೆ ಏನು ಕಂಡರೂ 'ಹೇಗೋ ಹೋಗಿ ಬರೋಣ' ಅಂತಲೇ ಅನಿಸುವುದು. ಹಿಂದಿನ ರಾತ್ರಿ ನೋಡಿ.

ಟೈರನ್ನು ಹೆಬ್ಬೆರಳಿನಿಂದ ಒತ್ತಿ. ಹೆಬ್ಬೆರಳಿಗೆ ಅಭ್ಯಾಸವಾಗುವ ತನಕ ಗೇಜ್ ಇರುವ ಪಂಪು ಬಳಸಿ. ಎಷ್ಟು ಗಾಳಿ ಬೇಕು ಅನ್ನುವುದನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಅಲ್ಲಿ ಕೊಟ್ಟಿರುವ ಕನಿಷ್ಠ, ಗರಿಷ್ಠಗಳ ನಡುವೆ ಎಲ್ಲೋ ಒಂದು ಕಡೆ ನಿಮ್ಮ ತೂಕಕ್ಕೆ ಹೊಂದುವ ಅಂಕಿ ಇದೆ. ನನ್ನದು 37 ಮಿ.ಮೀ. ಅಗಲದ ಟೈರು. ಹಿಂದೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 55 ಹಾಕುತ್ತೇನೆ. ಟ್ಯೂಬಿನಲ್ಲಿ ತೂತು ಇಲ್ಲದಿದ್ದರೂ ರಬ್ಬರಿನ ಮೂಲಕವೇ ಗಾಳಿ ಸ್ವಲ್ಪ ಸ್ವಲ್ಪ ಸೋರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಗಾಳಿ ಹೊಡೆಯಲೇಬೇಕು. ನಾನು ಭಾನುವಾರ ರಾತ್ರಿ ಹೊಡೆಯುತ್ತೇನೆ.

ಗಾಳಿ ಕಮ್ಮಿ ಇದ್ದರೆ ಏನಾಗುತ್ತದೆ? ಹಳ್ಳದ ಅಂಚಿಗೆ ಚಕ್ರ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿ ಹೋಗುತ್ತದೆ. ಪಕ್ಕಪಕ್ಕದಲ್ಲೇ ಎರಡು ತೂತು, ಹಾವು ಕಚ್ಚಿದ ಹಾಗೆ. ಅಂಥ ಜೋಡಿ ತೂತು ಕಂಡರೆ ಮೊಳೆ, ಗಾಜು ಅಂತ ಹುಡುಕಬೇಡಿ. ತಪ್ಪು ಪಂಪು ಹೊಡೆಯದವರದ್ದು.

ಆಮೇಲೆ ಟೈರಿನ ಮೇಲ್ಮೈಯನ್ನು ಬೆಳಕಲ್ಲಿ ತಿರುಗಿಸಿ ನೋಡಿ. ಸಣ್ಣ ಗಾಜಿನ ಚೂರು ಟೈರಿಗೆ ಚುಚ್ಚಿಕೊಂಡ ತಕ್ಷಣ ಟ್ಯೂಬು ತಲುಪುವುದಿಲ್ಲ. ಒಂದೊಂದು ಸುತ್ತಿಗೂ ಒಂದೊಂದು ಕೂದಲೆಳೆಯಷ್ಟು ಒಳಗೆ ಹೋಗುತ್ತದೆ. ಎರಡು ದಿನವೋ ಮೂರು ದಿನವೋ ಆದ ಮೇಲೆ ತಲುಪುತ್ತದೆ. ಅಷ್ಟರಲ್ಲಿ ಸೂಜಿಯಿಂದ ಕೆದಕಿ ತೆಗೆದರೆ ನೀವು ಗೆದ್ದಿರಿ. ಇದರಷ್ಟು ಖುಷಿ ಕೊಡುವ ಕೆಲಸ ಸೈಕಲ್ಲಿನಲ್ಲಿ ಇನ್ನೊಂದಿಲ್ಲ.

ಎರಡೂ ಬ್ರೇಕ್ ಹಿಡಿದು ನೋಡಿ. ಲೈಟು ಹತ್ತಿಸಿ ನೋಡಿ. ಅಷ್ಟೇ.

ಪಂಕ್ಚರ್

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕಂದರೆ ನನ್ನ ಪುಸ್ತಕದಲ್ಲಿ ಅರ್ಧಕ್ಕರ್ಧ ಇದೇ.

ಗಾಳಿ ತುಂಬುವ ಟೈರಿಗೆ 1840ರ ದಶಕದಲ್ಲೇ ರಾಬರ್ಟ್ ಥಾಮ್ಸನ್ ಅನ್ನುವವರು ಪೇಟೆಂಟ್ ಪಡೆದಿದ್ದರು. ಅದು ಆಗ ಬಳಕೆಗೆ ಬರಲಿಲ್ಲ. ಆಮೇಲೆ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಅಂಥದೇ ಟೈರು ಮಾಡಿಕೊಟ್ಟು, 1888ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಗಟ್ಟಿ ರಬ್ಬರಿನ ಟೈರಿನಲ್ಲಿ ಮೈಕೈ ನೋಯಿಸಿಕೊಂಡು ಓಡಿಸುತ್ತಿದ್ದರು. ಆದರೆ ಪಂಕ್ಚರ್ ಆಗುತ್ತಿರಲಿಲ್ಲ! ಮಳೆಯಲ್ಲಿ ರಸ್ತೆ ಪಕ್ಕ ಕೂತು ಟ್ಯೂಬು ಎಳೆಯುವಾಗ ನನಗೆ ಆ ಹಳೇ ಟೈರೇ ವಾಸಿ ಅನಿಸುತ್ತದೆ. ಮನೆಗೆ ಬಂದ ಮೇಲೆ ಹಾಗನಿಸುವುದಿಲ್ಲ.

ಮೊದಲ ಮಾತು: ರಸ್ತೆಯಲ್ಲಿ ಪ್ಯಾಚ್ ಹಾಕಲು ಹೋಗಬೇಡಿ. ಬೇರೆ ಟ್ಯೂಬು ಹಾಕಿಕೊಂಡು ಹೊರಡಿ. ತೂತಾದ ಟ್ಯೂಬಿಗೆ ರಾತ್ರಿ ಮನೆಯಲ್ಲಿ ಪ್ಯಾಚ್ ಹಾಕಿ. ಪ್ಯಾಚ್ ಕಿಟ್ಟೂ ಚೀಲದಲ್ಲಿರಲಿ, ಒಂದೇ ದಿನ ಎರಡು ಸಲ ಪಂಕ್ಚರ್ ಆಗುವ ದಿನಗಳೂ ಇರುತ್ತವೆ.

ಜೊತೆಗಿರುವ ಟ್ಯೂಬು ನಿಮ್ಮ ಚಕ್ರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಟೈರಿನ ಮೇಲೆ 37-622 ಅಂತ ಏನಾದರೂ ಬರೆದಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ. ಲೆಕ್ಕದಲ್ಲಿ. 28 ಇಂಚು, 29 ಇಂಚು, 700 ಸಿ ಅಂತೆಲ್ಲ ಬೇರೆ ಬೇರೆ ಹೆಸರಿನಲ್ಲಿ ಕರೆಯುವುದು ಬಹಳ ಮಟ್ಟಿಗೆ ಇದೇ 622ನ್ನು. ಹೆಸರು ಬಿಡಿ, ಅಂಕಿ ನೋಡಿ. ಆಮೇಲೆ ವಾಲ್ವ್. ಕಾರಿನ ಟೈರಿಗಿರುವಂಥ ದಪ್ಪ ವಾಲ್ವಿಗೆ ಶ್ರೇಡರ್ ಅಂತಾರೆ, ತೆಳುವಾದ ಉದ್ದನೆಯದಕ್ಕೆ ಪ್ರೆಸ್ಟಾ. ದಪ್ಪದ್ದಕ್ಕೆ ರಿಮ್ಮಿನಲ್ಲಿ ಸುಮಾರು 8 ಮಿ.ಮೀ. ತೂತು ಬೇಕು, ತೆಳುವಿನದಕ್ಕೆ 6 ಸಾಕು. ನನ್ನ ರಿಮ್ಮಿನದು 6. ಒಂದು ದಿನ ಟೈರು ಬಿಚ್ಚಿ, ಹಳೇ ಟ್ಯೂಬು ಎಳೆದು, ಹೊಸದನ್ನು ಡಬ್ಬಿಯಿಂದ ತೆಗೆದೆ. ದಪ್ಪ ವಾಲ್ವ್. ಆ ತೂತಿನೊಳಗೆ ಅದನ್ನು ತುರುಕಲು ಐದು ನಿಮಿಷ ಹೆಣಗಾಡಿದೆ, ಲೋಹ ಕರಗುತ್ತದೇನೋ ಅನ್ನುವ ಹಾಗೆ. ಆಮೇಲೆ 4 ಕಿಲೋಮೀಟರ್ ನಡೆದೆ. ಗೊತ್ತಿತ್ತಾ? ಡಬ್ಬಿಯ ಮೇಲೆ ಚಿತ್ರವೇ ಇತ್ತು.

ಈಗ ಕೆಲಸ. ಹಿಂದಿನ ಚಕ್ರವಾದರೆ ಮೊದಲು ಗೇರನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಚಕ್ರ ತೆಗೆಯುವುದೂ ಹಾಕುವುದೂ ಸಲೀಸು. ಚಕ್ರ ಬಿಚ್ಚಿ, ಟ್ಯೂಬಿನ ಗಾಳಿ ಪೂರ್ತಿ ಬಿಡಿ. ಟೈರಿನ ಅಂಚನ್ನು ಸುತ್ತಲೂ ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಆಗ ಟೈರು ತಾನೇ ಸಡಿಲವಾಗುತ್ತದೆ, ಲಿವರ್ (ಟೈರು ಎಬ್ಬಿಸುವ ಚಪ್ಪಟೆ ಪಟ್ಟಿ) ಹಾಕಿ ಒಂದು ಅಂಚನ್ನು ಹೊರಗೆ ತೆಗೆಯಬಹುದು. ಇನ್ನೊಂದು ಅಂಚು ಅಲ್ಲೇ ಇರಲಿ.

ಇಲ್ಲೇ ಎಲ್ಲರೂ ಆತುರ ಪಡುವುದು. ಹೊಸ ಟ್ಯೂಬು ಕೈಯಲ್ಲಿದೆ, ಹಾಕಿಬಿಡೋಣ ಅಂತ. ನಾನೂ ಹಾಗೇ ಹಾಕಿದ್ದೆ. ಗಾಳಿ ಹೊಡೆದು, ಕೈ ಒರೆಸಿಕೊಂಡು, ಹತ್ತಿ ಕೂತೆ. ಇನ್ನೂರು ಮಾರು ಹೋಗಿಲ್ಲ, ಹಿಂದಿನ ಚಕ್ರ ಮತ್ತೆ ನೆಲ ಕಚ್ಚಿತು. ಮೊದಲ ಟ್ಯೂಬನ್ನು ತೂತು ಮಾಡಿದ ಗಾಜು ಟೈರಿನಲ್ಲೇ ಕೂತು ಎರಡನೆಯದಕ್ಕೆ ಕಾಯುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ನಾನು ಕಳ್ಳನನ್ನು ಒಳಗೇ ಇಟ್ಟುಕೊಂಡು ಬಾಗಿಲು ಹಾಕಿದ್ದೆ.

ಹಾಗಾಗಿ ಹಳೇ ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಕೆನ್ನೆಯ ಹತ್ತಿರ ಹಿಡಿದರೆ ಸಣ್ಣ ಗಾಳಿಯೂ ತಿಳಿಯುತ್ತದೆ. ತುಟಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಜನ ನೋಡುತ್ತಾರೆ ಅಷ್ಟೆ. ಈಗ ಒಂದು ಉಪಾಯ. ಟೈರು ಹಾಕುವಾಗ ಯಾವಾಗಲೂ ಅದರ ಮೇಲಿನ ದೊಡ್ಡ ಹೆಸರು ವಾಲ್ವಿನ ಪಕ್ಕಕ್ಕೇ ಬರುವಂತೆ ಹಾಕಿ. ನೋಡಲು ಚೆಂದ ಅಂತ ಅಲ್ಲ. ವಾಲ್ವಿನಿಂದ ಎರಡು ಗೇಣು ದೂರದಲ್ಲಿ ಟ್ಯೂಬು ತೂತಾಗಿದ್ದರೆ, ಟೈರಿನಲ್ಲೂ ಆ ಹೆಸರಿನಿಂದ ಎರಡು ಗೇಣು ಅಳೆದರೆ ಮುಳ್ಳು ಅಲ್ಲೇ ಇರುತ್ತದೆ. ಯಾವ ಕಡೆಗೆ ಅಂತ ಗೊತ್ತಾಗದಿದ್ದರೆ ಎರಡೂ ಕಡೆ ಅಳೆಯಿರಿ. ಟೈರಿನ ಒಳಗೆ ಬೆರಳಾಡಿಸುವಾಗ ಹುಷಾರು. ಬಟ್ಟೆ ಆಡಿಸುವುದು ಒಳ್ಳೆಯದು, ಚೂರಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ.

ತೂತು ಟ್ಯೂಬಿನ ಒಳಬದಿಯಲ್ಲಿದ್ದರೆ, ಅಂದರೆ ರಿಮ್ಮಿನ ಕಡೆಗೆ, ಟೈರಿನಲ್ಲಿ ಏನೂ ಸಿಗುವುದಿಲ್ಲ. ಕಡ್ಡಿಗಳ ತಲೆ ಮುಚ್ಚುವ ರಿಮ್ ಟೇಪು ಜರುಗಿರುತ್ತದೆ. ಅದನ್ನು ಸರಿ ಮಾಡಿ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ ಕೂರಿಸಿ. ಖಾಲಿ ಟ್ಯೂಬು ಮಡಿಚಿಕೊಳ್ಳುತ್ತದೆ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿಯಾಗಿ ಸತಾಯಿಸುತ್ತದೆ. ಲಿವರ್ ಹಾಕಬೇಕು ಅನಿಸುತ್ತದೆ. ಹಾಕಿದರೆ ಹೊಸ ಟ್ಯೂಬೂ ಅದರ ಬಾಯಿಗೆ ಸಿಕ್ಕಬಹುದು. ಅದರ ಬದಲು ಮತ್ತೆ ಸುತ್ತಲೂ ಅಂಚನ್ನು ಹಿಸುಕಿ ತಗ್ಗಿಗೆ ಇಳಿಸಿ, ಎರಡು ಹೆಬ್ಬೆರಳಿನಿಂದ ಒತ್ತಿ. ಆಮೇಲೆ ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ, ಟೈರಿನ ಅಂಚಿನಡಿ ಟ್ಯೂಬು ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಪಂಪು ಹೊಡೆಯಿರಿ.

ರಾತ್ರಿ ಪ್ಯಾಚ್ ಹಾಕುವಾಗ ಬೇಕಾದದ್ದು ತಾಳ್ಮೆ ಒಂದೇ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಹೊಳಪು ಹೋಗಬೇಕು. ಪ್ಯಾಚಿಗಿಂತ ಅಗಲವಾಗಿ, ತೆಳ್ಳಗೆ ಸಲ್ಯೂಷನ್ (ಪ್ಯಾಚಿನ ಅಂಟು) ಹಚ್ಚಿ. ಆಮೇಲೆ ಐದು ನಿಮಿಷ ಏನೂ ಮಾಡಬೇಡಿ. ಒದ್ದೆ ಇದ್ದಾಗಲೇ ಅಂಟಿಸುವುದು ಮಾಮೂಲಿ ತಪ್ಪು. ಇದು ಕಾಗದಕ್ಕೆ ಹಚ್ಚುವ ಗೋಂದಿನ ಹಾಗಲ್ಲ. ಮೇಲೆ ಮುಟ್ಟಿದರೆ ಒಣಗಿದ ಹಾಗಿರಬೇಕು, ಆಗಲೇ ಪ್ಯಾಚ್ ಕಚ್ಚಿ ಹಿಡಿಯುವುದು. ಸಲ್ಯೂಷನ್ ಟ್ಯೂಬನ್ನು ಒಮ್ಮೆ ತೂತು ಮಾಡಿದರೆ ಕೆಲವು ತಿಂಗಳಲ್ಲಿ ಅದು ಒಳಗೇ ಒಣಗಿ ಹೋಗುತ್ತದೆ. ಚೀಲದಲ್ಲಿ ಇಡುವುದು ಒಡೆಯದ ಹೊಸದಿರಲಿ. ಇದೂ ಪುಸ್ತಕದಲ್ಲಿದೆ.

ಚೈನು

ಚೈನು ಜಾರಿದರೆ ಗಾಬರಿ ಬೇಡ, ಬಲವಂತವಾಗಿ ಪೆಡಲ್ ತುಳಿಯಲೂ ಬೇಡಿ. ಇಳಿಯಿರಿ. ಹಿಂದಿನ ಗೇರಿನ ಕೆಳಗೆ ನೇತಾಡುವ ಡಿರೇಲರನ್ನು ಒಂದು ಕೈಯಲ್ಲಿ ಮುಂದಕ್ಕೆ ತಳ್ಳಿದರೆ ಚೈನು ಸಡಿಲವಾಗುತ್ತದೆ. ಇನ್ನೊಂದು ಕೈಯಲ್ಲಿ ಅದನ್ನು ಮುಂದಿನ ಹಲ್ಲುಚಕ್ರದ ಮೇಲಿನ ಕೆಲವು ಹಲ್ಲಿಗೆ ಕೂರಿಸಿ, ಪೆಡಲನ್ನು ಕೈಯಿಂದ ನಿಧಾನ ಮುಂದಕ್ಕೆ ತಿರುಗಿಸಿ. ಅರ್ಧ ನಿಮಿಷದ ಕೆಲಸ. ಚೀಲದಲ್ಲಿ ಒಂದು ಜೊತೆ ತೆಳು ಕೈಗವಸು ಇಟ್ಟುಕೊಂಡರೆ ಆಫೀಸಿನಲ್ಲಿ ಫೈಲಿನ ಮೇಲೆ ಕಪ್ಪು ಬೆರಳಚ್ಚು ಬೀಳುವುದಿಲ್ಲ.

ಚೈನು ಸವೆದಿದೆಯಾ ಅಂತ ತಿಳಿಯಲು ಒಂದು ಅಳತೆಪಟ್ಟಿ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಹದಿನಾರನೇ ಒಂದು ಇಂಚು ಹೆಚ್ಚಾಗಿ ಕಂಡರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಇಂಚು ಹೆಚ್ಚಾಗುವ ತನಕ ಬಿಟ್ಟರೆ ಅದರ ಜೊತೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಎಲ್ಲದಕ್ಕೂ ದುಡ್ಡು ಸುರಿಯಬೇಕು. ನಾನು ಒಮ್ಮೆ ಬಿಟ್ಟಿದ್ದೆ. ಲೆಕ್ಕದವನು ಅಂತ ಹೇಳಿಕೊಳ್ಳಲು ನಾಚಿಕೆಯಾಯಿತು.

ಎಣ್ಣೆ ಹಾಕುವುದಕ್ಕಿಂತ ಒರೆಸುವುದು ಮುಖ್ಯ. ಒಂದೊಂದು ಕೊಂಡಿಗೂ ಒಂದು ಹನಿ, ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಬಟ್ಟೆಯಲ್ಲಿ ಹಿಡಿದು ಮೇಲಿನದ್ದೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಪಿನ್ನಿನ ಒಳಗೆ. ಹೊರಗೆ ಉಳಿದರೆ ಧೂಳು ಹಿಡಿಯುತ್ತದೆ ಅಷ್ಟೆ.

ಸ್ಪ್ರೇ ಡಬ್ಬಿಯ ಬಗ್ಗೆ ಒಂದು ಮಾತು. ಈಗಿನ ನನ್ನ ಸೈಕಲ್ಲಿಗೆ ಡಿಸ್ಕ್ ಬ್ರೇಕ್. ಹೊಸತರಲ್ಲಿ ಒಂದು ಸಂಜೆ ಉತ್ಸಾಹ ಉಕ್ಕಿ ಚೈನಿಗೆ ಸುಯ್ಯಂತ ಸ್ಪ್ರೇ ಹೊಡೆದೆ. ಅದರ ಮಂಜು ಹಿಂದಿನ ಡಿಸ್ಕಿನ ಮೇಲೂ ಕೂತಿತು. ಕೂತದ್ದು ನೋಡಿದೆ ಕೂಡ. ಬೆರಳಲ್ಲಿ ಒರೆಸಿದೆ! ಮರುದಿನ ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದರೆ, ಹಂದಿ ಹಿಡಿದ ಹಾಗೆ ಕಿರುಚಿತು. ಇಡೀ ರಸ್ತೆ ತಿರುಗಿ ನೋಡಿತು. ಕಿರುಚಿದರೂ ಪರವಾಗಿಲ್ಲ, ನಿಲ್ಲಲೂ ಇಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಉಳಿಸಿಕೊಂಡೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳು ಮಾತ್ರ ಕಸಕ್ಕೆ ಹೋದವು. ಡಿಸ್ಕ್ ಇರುವ ಸೈಕಲ್ಲಿಗೆ ಸ್ಪ್ರೇ ಬೇಡವೇ ಬೇಡ, ಹನಿ ಹಾಕುವ ಸೀಸೆ ತನ್ನಿ.

ಪೆಡಲ್ ಬಿಚ್ಚುವವರಿಗೂ ಒಂದು ಮಾತು, ಯಾಕಂದರೆ ನನ್ನ ಗೆಣ್ಣಿನ ಮೇಲೆ ಇನ್ನೂ ಕಲೆ ಇದೆ. ಎಡ ಪೆಡಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಬಲ ಎಡ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸ್ಪ್ಯಾನರನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಸೈಕಲ್ಲಿನ ಹಿಂಭಾಗದ ಕಡೆಗೆ ಎಳೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಮುಂಭಾಗದ ಕಡೆಗೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ. ಎಳೆಯುವ ಮೊದಲು ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಹಾಕಿಕೊಳ್ಳಿ, ಕೈ ಜಾರಿದರೆ ಹಲ್ಲಿನ ಮೇಲೆ ಬೀಳುವುದಿಲ್ಲ.

ಮಳೆ

ಒದ್ದೆ ರಿಮ್ಮಿನ ಮೇಲೆ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋದ ಮೇಲೆ ಹಿಡಿಯುತ್ತದೆ. ಹಾಗಾಗಿ ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ತಾಗಿಸಿಕೊಂಡು ಹೋಗಿ. ಡಿಸ್ಕಿನಲ್ಲಿ ಈ ತೊಂದರೆ ಕಮ್ಮಿ. ಆದರೆ ಟೈರು ಜಾರುವುದು ಎರಡರಲ್ಲೂ ಒಂದೇ. ರಸ್ತೆಗೆ ಬಳಿದ ಬಿಳಿ ಪಟ್ಟಿ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆ, ಇವುಗಳ ಮೇಲೆ ತಿರುಗಬೇಡಿ, ಬ್ರೇಕ್ ಹಿಡಿಯಬೇಡಿ. ನೆಟ್ಟಗೆ ದಾಟಿಬಿಡಿ. ರೈಲು ಹಳಿಯಾದರೆ ಅಡ್ಡಡ್ಡ ದಾಟಿ. ಓರೆಯಾಗಿ ಹೋದರೆ ಚಕ್ರ ಹಳಿಯ ಸಂದಿಗೆ ಇಳಿಯುತ್ತದೆ. ನೀರು ನಿಂತ ಗುಂಡಿ ಎಷ್ಟು ಆಳ ಅಂತ ಪರೀಕ್ಷೆ ಮಾಡಲು ಸೈಕಲ್ ಬಳಸಬೇಡಿ.

ಮಡ್‌ಗಾರ್ಡ್ ಹಾಕಿಸಿ. ಭಾರ, ಚೆಂದ ಕಾಣುವುದಿಲ್ಲ ಅಂತ ನಾನು ಒಂದು ವರ್ಷ ಹಾಕಿಸಿರಲಿಲ್ಲ. ಒಂದು ಬೆಳಿಗ್ಗೆ ಬಿಳಿ ಶರ್ಟಿನಲ್ಲಿ ಹೋಗಿ, ಬೋರ್ಡಿನ ಕಡೆ ತಿರುಗಿ ಅರ್ಧ ಗಂಟೆ ಲೆಕ್ಕ ವಿವರಿಸಿದೆ. ಎಲ್ಲರೂ ತುಂಬಾ ಗಮನವಿಟ್ಟು ನೋಡುತ್ತಿದ್ದರು. ಮಧ್ಯಾಹ್ನ ಒಬ್ಬರು ಮೆಲ್ಲಗೆ ಹೇಳಿದರು, ಬೆನ್ನಿನ ಮೇಲೆ ಸೊಂಟದಿಂದ ಕುತ್ತಿಗೆವರೆಗೆ ಕೆಸರಿನ ಗೆರೆ ಇದೆ ಅಂತ.

ಒದ್ದೆ ಶೂಗಳೊಳಗೆ ಹಳೇ ಪೇಪರು ತುರುಕಿ, ಒಂದು ಗಂಟೆ ಬಿಟ್ಟು ಬದಲಾಯಿಸಿ. ಸಂಜೆಗೆ ಹಾಕಿಕೊಳ್ಳುವಷ್ಟು ಒಣಗುತ್ತವೆ. ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಕಾಲುಚೀಲ ಯಾವಾಗಲೂ ಇರಲಿ.

ಬಾಗಿಲು, ಲೇಸು, ಸಿಗ್ನಲ್

ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಒಂದು ಬಾಗಿಲಿನ ಅಗಲಕ್ಕಿಂತ ಜಾಸ್ತಿ ದೂರ ಇರಿ. ಒಂದು ಮೀಟರಿಗಿಂತ ಹೆಚ್ಚೇ ಅಂದುಕೊಳ್ಳಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತೀರಿ. ಬಾಗಿಲು ತೆರೆಯಲು ಒಂದು ಸೆಕೆಂಡು ಸಾಕು. ಒಂದು ದಿನ ಮುಂದಿದ್ದ ಕಾರಿನ ಹಿಂದಿನ ಕೆಂಪು ದೀಪ ಆರಿದ್ದನ್ನು ನೋಡಿದೆ. ಒಳಗೆ ತಲೆ ಅಲ್ಲಾಡಿದ್ದನ್ನೂ ನೋಡಿದೆ. ಇಳಿಯುತ್ತಾರೆ ಅಂತ ಮನಸ್ಸು ಹೇಳಿತು. ಆದರೂ ಹಿಂದೆ ಬಸ್ಸಿದೆ ಅಂತ ಕಾರಿಗೇ ಅಂಟಿಕೊಂಡು ಹೋದೆ. ಹ್ಯಾಂಡಲಿನ ತುದಿ ಬಾಗಿಲಿಗೆ ಬಡಿದು ಕಿರುಬೆರಳು ಒಂದು ತಿಂಗಳು ಮಡಚಲಿಲ್ಲ. ಅಂಥ ಹೊತ್ತಲ್ಲಿ ವೇಗ ಇಳಿಸಿ ಬಸ್ಸನ್ನು ಮುಂದೆ ಬಿಡುವುದೇ ಸರಿ. ಹಾಗೇ, ತಿರುಗಲಿರುವ ದೊಡ್ಡ ಲಾರಿ ಬಸ್ಸುಗಳ ಪಕ್ಕದ ಸಂದಿಗೆ ಯಾವತ್ತೂ ನುಗ್ಗಬೇಡಿ. ಚಾಲಕನಿಗೆ ನೀವು ಕಾಣುವುದೇ ಇಲ್ಲ. ಹಿಂದೆ ನಿಲ್ಲಿ.

ಶೂ ಲೇಸಿನ ತುದಿಗಳನ್ನು ಒಳಗೆ ಸಿಕ್ಕಿಸಿ. ನನ್ನ ಬಲಗಾಲಿನ ಲೇಸು ಪೆಡಲಿಗೆ ಸುತ್ತಿಕೊಂಡದ್ದು ನನಗೆ ತಿಳಿದದ್ದು ಕೆಂಪು ಸಿಗ್ನಲ್ಲಿನಲ್ಲಿ, ಕಾಲು ಕೆಳಗಿಡಲು ಹೋದಾಗ. ಕಾಲು ಬರಲಿಲ್ಲ. ಕಡಿದ ಮರದ ಹಾಗೆ ನಿಧಾನವಾಗಿ, ತುಂಬಾ ನಿಧಾನವಾಗಿ ಪಕ್ಕಕ್ಕೆ ವಾಲಿದೆ. ಏಟೇನೂ ಆಗಲಿಲ್ಲ. ನಾಲ್ಕೂ ಕಡೆಯವರು ನೋಡಿದರು. ಬಲಗಾಲಿನ ಪ್ಯಾಂಟನ್ನೂ ಪಟ್ಟಿ ಹಾಕಿ ಬಿಗಿಯಿರಿ, ಚೈನು ಇರುವುದು ಆ ಕಡೆಯೇ. ಆಫೀಸಿಗೆ ಹೋದ ಮೇಲೆ ಪಟ್ಟಿ ತೆಗೆಯಿರಿ. ಹೆಲ್ಮೆಟ್ಟನ್ನೂ. ನಾನು ಒಮ್ಮೆ ಹೆಲ್ಮೆಟ್ ಹಾಕಿಕೊಂಡೇ ಮೀಟಿಂಗಿನಲ್ಲಿ ಹತ್ತು ನಿಮಿಷ ಕೂತಿದ್ದೆ.

ಬೆವರು, ಬೀಗ

ಬೆವರಿಗೆ ಪೌಡರು, ಒದ್ದೆ ಬಟ್ಟೆ ಅಂತ ಏನೇನೋ ಉಪಾಯ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. 9 ಕಿಲೋಮೀಟರನ್ನು ಗಂಟೆಗೆ 18ರ ವೇಗದಲ್ಲಿ ಹೋದರೆ 30 ನಿಮಿಷ. 20ರಲ್ಲಿ ಹೋದರೆ 27. ಉಳಿಯುವುದು ಮೂರೇ ನಿಮಿಷ. ಆ ಮೂರು ನಿಮಿಷಕ್ಕಾಗಿ ಗಾಳಿ ಸೀಳಲು ಪ್ರತಿ ನಿಮಿಷವೂ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೆಚ್ಚುವರಿ ಶಕ್ತಿ ಸುರಿಯಬೇಕು. ಆಮೇಲೆ ಬೆವರು ಒರೆಸಲು ಹತ್ತು ನಿಮಿಷ. ಇದು ನಷ್ಟದ ವ್ಯಾಪಾರ ಅಲ್ವಾ? ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಹಾಕಿ, ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ಕೊನೆಯ ಎರಡು ಕಿಲೋಮೀಟರ್ ಆರಾಮಾಗಿ ಹೋಗಿ. ಚೀಲವನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರಿಗೆ ಕಟ್ಟಿ. ಅರ್ಧ ಬೆವರು ಅಲ್ಲೇ ಕಮ್ಮಿಯಾಗುತ್ತದೆ.

ಬೀಗ ಹಾಕುವಾಗ ಚಕ್ರಕ್ಕೆ ಮಾತ್ರ ಹಾಕಬೇಡಿ, ಫ್ರೇಮ್ ಸೇರಿಸಿ ಅಲ್ಲಾಡದ ಕಂಬಕ್ಕೆ ಹಾಕಿ. ಹಾಕಿದ ಮೇಲೆ ಸೈಕಲ್ಲನ್ನು ಒಮ್ಮೆ ಅಲ್ಲಾಡಿಸಿ. ಪಕ್ಕದ ಸೈಕಲ್ಲೂ ಅಲ್ಲಾಡಿದರೆ ಮತ್ತೆ ನೋಡಿ. ಒಂದು ಸಂಜೆ ನಾನು ಇಳಿದು ಬಂದಾಗ ಸ್ಟ್ಯಾಂಡಿನ ಹತ್ತಿರ ಒಬ್ಬರು ಕೈಕಟ್ಟಿ ನಿಂತಿದ್ದರು. ನನ್ನ ಬೀಗ ಅವರ ಫ್ರೇಮಿನ ಒಳಗಿಂದ ಹಾದು ಹೋಗಿತ್ತು. ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದರಂತೆ. ಬೈಯಲಿಲ್ಲ. 'ನಿಮ್ಮ ಚೈನಿಗೆ ಎಣ್ಣೆ ಚೆನ್ನಾಗಿ ಹಾಕಿದ್ದೀರಿ' ಅಂದರು. ಅಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದರು ಅಂತ ಕಾಣುತ್ತದೆ. ಪುಸ್ತಕದಲ್ಲಿ 'ಇಲ್ಲ' ಅಂತ ಬರೆದಿರುವ ಕೆಲವೇ ಸಾಲುಗಳಲ್ಲಿ ಇದೊಂದು. ಹಾಳಾದ ಹೊತ್ತಿನ ಕಾಲಂನಲ್ಲಿ ನನ್ನದು ಸೊನ್ನೆ, ಅವರದು 45 ಅಂತ ಬರೆದಿದ್ದೇನೆ.

ಚೀಲದಲ್ಲಿ ನಾನು ಇಟ್ಟುಕೊಳ್ಳುವುದು ಇಷ್ಟು: ಸರಿಯಾದ ವಾಲ್ವಿನ ಒಂದು ಟ್ಯೂಬು, ಎರಡು ಲಿವರ್, ಪ್ಯಾಚ್ ಕಿಟ್, ಸಣ್ಣ ಪಂಪು, 4, 5, 6 ಮಿ.ಮೀ. ಅಲನ್ ಕೀಗಳು (ತಲೆಯಲ್ಲಿ ಆರು ಮೂಲೆಯ ತೂತಿರುವ ಬೋಲ್ಟು ತಿರುಗಿಸುವವು), ಕೈಗವಸು, ಹಳೇ ಬಟ್ಟೆ, ಎರಡು ಪ್ಲಾಸ್ಟಿಕ್ ಕೇಬಲ್ ಟೈ. ಚಕ್ರಕ್ಕೆ ನಟ್ಟು ಇರುವವರು ಅದರ ಸ್ಪ್ಯಾನರನ್ನೂ ಇಟ್ಟುಕೊಳ್ಳಿ, ಸಾಮಾನ್ಯವಾಗಿ 15 ಮಿ.ಮೀ.ನದು. ಕೇಬಲ್ ಟೈ ಮುರಿದ ಮಡ್‌ಗಾರ್ಡನ್ನು ಹಿಡಿದಿಟ್ಟದ್ದು ಎಷ್ಟು ಸಲವೋ.

ಮಡ್‌ಗಾರ್ಡ್ ಅಂದಾಗ ನೆನಪಾಯಿತು. ಇವತ್ತು ಸಂಜೆ ಬರುವಾಗ ಮುಂದಿನ ಚಕ್ರದ ಕಡೆಯಿಂದ ಗುರ್ರ್ ಅಂತ ಸಣ್ಣ ಸದ್ದು ಬರುತ್ತಿತ್ತು. ಇಳಿಜಾರಿನಲ್ಲಿ ಮಾತ್ರ. ಮಡ್‌ಗಾರ್ಡಿನ ಬೋಲ್ಟೇ ಸಡಿಲವಾಗಿರಬೇಕು. ಈಗಲೇ ಹೋಗಿ ನೋಡುತ್ತೇನೆ. 4 ಮಿ.ಮೀ. ಕೀ ಮೇಜಿನ ಮೇಲೇ ಇತ್ತಲ್ಲ, ಎಲ್ಲಿ ಹೋಯಿತು?